ತೆರಕಣಾಂಬಿ ದಾಟಿದ ಮೇಲೆ ಕೇಳಿದ ಅಳು

ಯಾರಾದರೂ ನನ್ನ ಮುಂದೆ ಕೂತು ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದೆ. ಹೊಟ್ಟೆ ತುಂಬ ಊಟ ಮಾಡಿದ್ರಾ? ಬಿ.ಪಿ. ನೋಡಿಸಿ ಎಷ್ಟು ದಿನ ಆಯ್ತು? ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಉಳಿದರ್ಧ ಜನರ ಮಾತಿಗೆ ನಾನು ನಕ್ಕುಬಿಡುತ್ತಿದ್ದೆ. ಈಗ ನೀವೂ ನನಗೆ ಅದೇ ಎರಡು ಪ್ರಶ್ನೆ ಕೇಳಿದರೆ ಬೇಸರವಿಲ್ಲ. ಆ ದಿನ ಹೊಟ್ಟೆ ತುಂಬ ಉಂಡಿದ್ದೆ, ಬೀಗರ ಮನೆ ಊಟ. ಬಿ.ಪಿ.ಯೂ ಸರಿಯಾಗಿತ್ತು.

ನಾನು ಹಳ್ಳಿಗಳಲ್ಲಿ ಓಡಾಡುವ ದಾದಿ. ಜನರ ಬಾಯಲ್ಲಿ ‘ಸಿಸ್ಟರಮ್ಮ’. ಪುಣಜನೂರು ಕಡೆಯ ಕಾಡಂಚಿನ ಊರುಗಳಲ್ಲಿ ಹತ್ತು ವರ್ಷ, ಆಮೇಲೆ ಚಾಮರಾಜನಗರದ ಸುತ್ತಮುತ್ತ ಇಪ್ಪತ್ತು ವರ್ಷ ಬಾಣಂತಿಯರ ಮನೆ ತಿರುಗಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು. ಕೂಸಿಗೆ ಕಾಮಾಲೆ ಬಂದಿದೆ ಎಂದು ಹೊಟ್ಟೆಗೆ ಬರೆ ಹಾಕಲು ಸೌಟು ಕಾಯಿಸಿ ಇಟ್ಟಿದ್ದ ಒಬ್ಬ ಮುದುಕನ ಕೈಯಿಂದ ಆ ಸೌಟು ಕಿತ್ತು ಬಾವಿಗೆ ಎಸೆದವಳು ನಾನು. ಆತ ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಕೂಸು ಬದುಕಿತು, ಆ ಹುಡುಗ ಈಗ ಆಟೋ ಓಡಿಸುತ್ತಾನೆ.

ಆಗ ತಾನೇ ಹುಟ್ಟಿದ ಮಕ್ಕಳಲ್ಲಿ ಕಾಮಾಲೆ ಅಪರೂಪವೇನಲ್ಲ. ಬಹಳಷ್ಟು ಕೂಸುಗಳಿಗೆ ಎರಡನೇ ಮೂರನೇ ದಿನಕ್ಕೆ ಮುಖ ಹಳದಿಯಾಗುತ್ತದೆ, ಎದೆಹಾಲು ಮತ್ತೆ ಮತ್ತೆ ಕುಡಿಸುತ್ತಿದ್ದರೆ ತಾನಾಗಿ ಇಳಿಯುತ್ತದೆ. ಆದರೆ ಹಳದಿ ಮುಖದಿಂದ ಎದೆಗೆ, ಹೊಟ್ಟೆಗೆ, ಕೊನೆಗೆ ಅಂಗಾಲಿಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಪರಾಗಿ ಮಲಗಿದರೆ, ಅದು ಆಟದ ಮಾತಲ್ಲ. ತಡ ಮಾಡಿದರೆ ಮಿದುಳಿಗೆ ಏರುತ್ತದೆ, ಕಿವಿ ಹೋಗುತ್ತದೆ, ಜೀವವೇ ಹೋಗಬಹುದು. ಇದನ್ನು ನಾನು ಎಷ್ಟು ಜಗುಲಿಗಳ ಮೇಲೆ ಕೂತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿದ್ದಿತ್ತಂತೆ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು.

ನನಗೆ ಒಬ್ಬನೇ ಮಗ, ಮಹೇಶ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಸೊಸೆ ರೂಪಾ ಗುಂಡ್ಲುಪೇಟೆಯವಳು, ಮೊದಲ ಹೆರಿಗೆಗೆ ಪದ್ಧತಿಯಂತೆ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತು ಎಂದು ಫೋನ್ ಬಂದ ದಿನ ನನಗೆ ರಜೆ ಸಿಗಲಿಲ್ಲ. ಐದನೇ ದಿನಕ್ಕೆ ಹೋಗುವುದೆಂದಾಯಿತು. ಕೊಬ್ಬರಿ, ಬೆಳ್ಳುಳ್ಳಿ, ಕರಿಮೆಣಸು, ಎರಡು ಸೇರು ಬೆಣ್ಣೆ ಕಾಯಿಸಿದ ತುಪ್ಪ ಎಲ್ಲ ಕಟ್ಟಿಕೊಂಡೆ. ಹೊರಡುವ ಹಿಂದಿನ ಸಂಜೆ ಮಗ ಪಕ್ಕದಲ್ಲಿ ಬಂದು ಕೂತ.

“ಅವ್ವಾ, ಒಂದ್ ಮಾತು. ಅಲ್ಲೋಗಿ ಸಿಸ್ಟರ್ ಆಗ್ಬೇಡ ಕಣವ್ವ. ಬೀಗ್ತಿಯಾಗಿರು. ಅವಳತ್ತೆ ಬಂದು ಹಂಗೆ ಮಾಡ್ಸುದ್ರು ಇಂಗೆ ಮಾಡ್ಸುದ್ರು ಅಂತ ಮಾತು ಬಂದ್ರೆ ಆಮೇಲೆ ರೂಪಂಗೇ ಕಷ್ಟ.”

“ನಾನೇನು ಜಗಳಗಂಟೀನೇನ್ಲಾ?” ಎಂದೆ.

“ಇಲ್ಲ ಬುಡು,” ಎಂದು ನಕ್ಕ. ಅವನ ನಗು ನೋಡಿ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟೆ.

ಬೀಗತಿ ಮಂಗಳಮ್ಮ ಒಳ್ಳೆ ಹೆಂಗಸು. ಅರಿಸಿನ ಬೆಳೆಯುವ ಮನೆ ಅವರದು. ನನ್ನ ಕಂಡರೆ ಸ್ವಲ್ಪ ಭಯ, ಅದನ್ನು ಮುಚ್ಚಿಕೊಳ್ಳಲು ಎರಡು ಪಟ್ಟು ಉಪಚಾರ. ಬಾಣಂತಿ ಕೋಣೆಯ ಕಿಟಕಿಗೆ ಗಾಳಿ ಆಡದಂತೆ ಕಂಬಳಿ ಇಳಿಬಿಟ್ಟಿದ್ದರು. ಒಳಗೆ ಸಣ್ಣ ಬಲ್ಬು, ಸಾಂಬ್ರಾಣಿ ಹೊಗೆ. ಸೊಸೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು, ಮುಖ ಬಾಡಿತ್ತು. ಕೂಸಿಗೆ ಆಗ ತಾನೇ ಎಣ್ಣೆ ಅರಿಸಿನ ತಿಕ್ಕಿ ನೀರು ಹಾಕಿ, ಮತ್ತೆ ಮೈತುಂಬ ತೆಳ್ಳಗೆ ಅರಿಸಿನ ಬಳಿದು, ಅರಿಸಿನ ನೀರಲ್ಲಿ ಅದ್ದಿ ಒಣಗಿಸಿದ ಹಳೇ ಸೀರೆ ತುಂಡಿನಲ್ಲಿ ಸುತ್ತಿದ್ದರು. ಸ್ವಂತ ಹೊಲದ ಅರಿಸಿನ, ಮೊಮ್ಮಗಳಿಗೆಂದೇ ಮಂಗಳಮ್ಮ ಕೈಯಾರೆ ತೇಯ್ದದ್ದು. ಕೈಗಿತ್ತರು. ಹಣೆಯಿಂದ ಅಂಗಾಲಿನವರೆಗೆ ಚಿನ್ನದ ಬಣ್ಣದ ಗೊಂಬೆ. ನಿದ್ದೆ ಮಾಡುತ್ತಿತ್ತು. ಆ ಮೂಗು ನನ್ನ ಮಗನದೇ. ಎದೆ ಹಿಗ್ಗಿಹೋಯಿತು.

“ಎಂತಾ ಕೂಸು ಅಂತೀರಿ ಅಕ್ಕ! ಅಳೋದೇ ಇಲ್ಲ. ದ್ಯಾವ್ರಂತ ಕೂಸು. ಒಂದ್ ಹೊತ್ತು ಹಾಲು ಕುಡುದ್ರೆ ಇನ್ನೊಂದ್ ಹೊತ್ಗೆ ಎಬ್ಬುಸ್ಬೇಕು,” ಎಂದರು ಮಂಗಳಮ್ಮ.

ಇಷ್ಟು ಕೇಳಿದ ಮೇಲೆ ಮೂವತ್ತು ವರ್ಷದ ದಾದಿ ಏನು ಮಾಡಬೇಕಿತ್ತು? ಕೂಸನ್ನು ಬೆಳಕಿಗೆ ತರಬೇಕಿತ್ತು. ಮೈ ಒರೆಸಿ ಬೆರಳಿಂದ ಒತ್ತಿ ನೋಡಬೇಕಿತ್ತು. ತಾಯಿ ಕಾರ್ಡು ಕೇಳಿ ರಕ್ತದ ಗುಂಪು ನೋಡಬೇಕಿತ್ತು. ಆಸ್ಪತ್ರೆಯಲ್ಲಿ ಮತ್ತೆ ಯಾವಾಗ ತೋರಿಸಲು ಹೇಳಿದ್ದರು ಎಂದು ವಿಚಾರಿಸಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಅರಿಸಿನದ ಬಗ್ಗೆ ಬಾಯಿ ತೆಗೆದರೆ ಅದು ಮಂಗಳಮ್ಮನ ಕೈಗೆ, ಅವರ ಹೊಲಕ್ಕೆ, ಅವರ ಪ್ರೀತಿಗೇ ಕೊಂಕು ಹುಡುಕಿದ ಹಾಗೆ. ಗಂಡಿನ ಕಡೆಯವಳು ಬಂದ ದಿನವೇ ತಪ್ಪು ಹುಡುಕಿದಳು ಎಂದಾಗುತ್ತದೆ. “ಒಳ್ಳೇದಾಯ್ತು ಬುಡಿ,” ಎಂದು ಕೂಸಿನ ಕೈಗೆ ಬೆಳ್ಳಿ ಬಳೆ ಹಾಕಿ, ಊಟ ಮಾಡಿ, ಮಡಿಲಕ್ಕಿ ತುಂಬಿಸಿಕೊಂಡು ಹೊರಟೆ. ಅಕ್ಕಿಯ ಗಂಟನ್ನೂ ತುಪ್ಪ ತಂದಿದ್ದ ಖಾಲಿ ಡಬ್ಬಿಯನ್ನೂ ಭಾನುವಾರ ಮಹೇಶ ಬಂದಾಗ ಕೊಡಿ ಎಂದು ಅಲ್ಲೇ ಬಿಟ್ಟೆ. ಕೈಯಲ್ಲಿ ಇದ್ದದ್ದು ಒಂದು ಪರ್ಸು ಮಾತ್ರ.

ಮಧ್ಯಾಹ್ನ ಒಂದೂವರೆ ಇರಬಹುದು. ಚಾಮರಾಜನಗರದ ಬಸ್ಸು ಅರ್ಧ ಖಾಲಿ. ಮುಂದಿನ ಸೀಟಿನಲ್ಲಿ ಬುರ್ಖಾ ಹಾಕಿದ್ದ ಒಬ್ಬ ಹೆಂಗಸಿನ ಪಕ್ಕ ಕೂತೆ, ನನ್ನದೇ ವಯಸ್ಸು. ತೊಡೆ ಮೇಲೆ ಹೊಲಿದ ಬ್ಲೌಸುಗಳ ಚೀಲ ಇಟ್ಟುಕೊಂಡಿದ್ದಳು. ನಾವು ಮಾತಾಡಲಿಲ್ಲ. ಕೂಸಿನ ಮೂಗು ನೆನೆಸಿಕೊಂಡು ನನ್ನಷ್ಟಕ್ಕೆ ನಾನು ನಗುತ್ತಿದ್ದೆ. ಒಳ್ಳೆ ಬಿಸಿಲು, ಒಳ್ಳೆ ಗಾಳಿ, ನಿದ್ದೆ ಬಂದಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ ‘ಕನಸು ಕಂಡಿರ್ತೀಯ ಬುಡು’ ಎಂದವರು ಬಹಳ ಜನ.

ತೆರಕಣಾಂಬಿ ದಾಟಿ ಒಂದೆರಡು ಮೈಲಿ ಹೋಗಿರಬೇಕು. ಕೂಸಿನ ಅಳು ಕೇಳಿಸಿತು.

ಬಸ್ಸಿನಲ್ಲಿ ಕೂಸು ಅಳುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಎಳೇ ಕೂಸಿನ ಅಳು ನನಗೆ ಗೊತ್ತಾಗುತ್ತದೆ. ಹಸಿವಿನದು ಬೇರೆ, ಹೊಟ್ಟೆನೋವಿನದು ಬೇರೆ, ವಾರ ತುಂಬದ ಕೂಸಿನದು ಬೇರೆ. ಇದು ವಾರ ತುಂಬದ್ದು. ಮೊದಲು ಎರಡು ಸಣ್ಣ ಕೂಗು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಆಮೇಲೆ ಉಸಿರು ಕಟ್ಟಿ ಸುಮ್ಮನಾಗುವುದು. ‘ಅಯ್ಯೋ ಉಸಿರು ಬಿಡು ಮಗಾ’ ಎನ್ನಬೇಕು, ಅಷ್ಟು ಹೊತ್ತು. ಆಮೇಲೆ ಒಂದು ಉದ್ದನೆಯ ಕೂಗು, ಕೊನೆಯಲ್ಲಿ ನಡುಗಿ ನಿಲ್ಲುತ್ತಿತ್ತು. ಮತ್ತೆ ಅದೇ ಎರಡು ಸಣ್ಣ ಕೂಗು. ಹಿಂದಿನಿಂದಲ್ಲ, ಮುಂದಿನಿಂದಲ್ಲ, ಬಲು ಹತ್ತಿರದಿಂದ.

ಪಕ್ಕದ ಹೆಂಗಸು ನನ್ನ ಕಡೆ ತಿರುಗಿ, “ಎಷ್ಟೊತ್ತಿಂದ ಅಳ್ತಾ ಇದೆ ಪಾಪ. ಎತ್ಕೊಳ್ಳಿ ಅಕ್ಕಾ, ಹಾಲು ಬೇಕು ಅದಕ್ಕೆ,” ಎಂದಳು.

ನಾನು ಎದ್ದು ನಿಂತು ಹಿಂದೆ ನೋಡಿದೆ. ಕಾಲೇಜು ಹುಡುಗಿಯರು ಮೂವರು, ಮೊಬೈಲು ನೋಡುತ್ತಿದ್ದ ಒಬ್ಬ ಮೇಷ್ಟ್ರ ಥರದವರು, ನಿದ್ದೆ ಹೊಡೆಯುತ್ತಿದ್ದ ಗಂಡಸರು ನಾಲ್ವರು. ಒಂದೇ ಒಂದು ಕೂಸಿಲ್ಲ. ಅಳು ಮಾತ್ರ ನಿಂತಿಲ್ಲ. ಕಂಡಕ್ಟರನ್ನು ಕರೆದೆ.

“ಯಾರ್ದಪ್ಪ ಅದು ಕೂಸು?”

“ಯಾವ ಕೂಸು ತಾಯಿ? ಬಸ್ಸಲ್ಲಿ ಯಾವ ಕೂಸೂ ಇಲ್ವಲ್ಲ.”

ಆಗ ಸೀಟಿನ ಕೆಳಗೂ ಬಗ್ಗಿ ನೋಡಿದೆ, ಏನಿಲ್ಲ. ನನಗೆ ಭೂತ ಪ್ರೇತ ಯಾವುದೂ ನೆನಪಾಗಲಿಲ್ಲ. ನೆನಪಾದದ್ದು ಮಂಗಳಮ್ಮನ ಒಂದೇ ಮಾತು, ‘ಅಳೋದೇ ಇಲ್ಲ.’ ಬೆಳಗ್ಗೆಯಿಂದ ಮೂರು ತಾಸು ಆ ಮನೆಯಲ್ಲಿದ್ದೆ, ಕೂಸು ಒಂದು ಸಲ ಕುಯ್ ಎಂದಿರಲಿಲ್ಲ. ಬಳೆ ತೊಡಿಸುವಾಗ ಕೈ ಎಳೆದುಕೊಳ್ಳಲೂ ಇಲ್ಲ.

“ನಿಲ್ಸಪ್ಪ, ನಾನು ಇಳೀಬೇಕು,” ಎಂದೆ.

“ಇಲ್ಲೇನದೆ ಕಣಮ್ಮ? ಹೊಲ ಬಿಟ್ರೆ ಏನಿಲ್ಲ. ಫ್ರೀ ಟಿಕೇಟು ಅಂತ ಬಸ್ ಅತ್ಬುಡೋದು, ಅರ್ಧ ದಾರೀಲಿ ಇಳುದ್ಬುಡೋದು,” ಎಂದು ಗೊಣಗಿ ಸೀಟಿ ಊದಿದ. ಬಾಯಿಗೆ ಬಾಯಿ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಇಳಿದೆ. ನೆಲಕ್ಕೆ ಕಾಲಿಟ್ಟ ಕೂಡಲೇ ಅಳು ನಿಂತಿತು. ಎದುರಿಗೆ ಟೊಮ್ಯಾಟೊ ಕ್ರೇಟು ಹೇರಿಕೊಂಡು ಬರುತ್ತಿದ್ದ ಲಗೇಜ್ ಆಟೋಗೆ ಅಡ್ಡ ನಿಂತು ಕೈಮುಗಿದೆ. ಗುಂಡ್ಲುಪೇಟೆಗೆ ಬಿಟ್ಟ, ಪುಣ್ಯಾತ್ಮ, ಏನು ಎತ್ತ ಎಂದು ಕೇಳಲಿಲ್ಲ.

ಮನೆ ಬಾಗಿಲಲ್ಲಿ ನನ್ನ ಕಂಡು ಮಂಗಳಮ್ಮ ಗಾಬರಿಯಾದರು. “ಏನಕ್ಕ, ಏನಾರ ಬುಟ್ಟೋಗಿದ್ರಾ?”

“ಕೂಸು ಅತ್ತಿತ್ತಾ?”

“ಇಲ್ಲಕ್ಕ. ನೀವು ಬಸ್ಸಿಗೆ ಓದಾಗ ಮಲಗಿದ್ದು, ಇನ್ನೂ ಕಣ್ಣೇ ಬುಟ್ಟಿಲ್ಲ.”

ಒಳಗೆ ಹೋಗಿ ಕೂಸನ್ನು ಎತ್ತಿಕೊಂಡೆ. ಹತ್ತಿಯ ಹಾಗೆ ಹಗುರ, ಕೈಕಾಲು ಜೋತುಬಿದ್ದಿದ್ದವು. ಹಿತ್ತಲ ಬೆಳಕಿಗೆ ಹೊರಟರೆ ಮಂಗಳಮ್ಮ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡಿ ಅಕ್ಕ, ಕೈ ಮುಗೀತೀನಿ. ಅನ್ನೊಂದು ದಿನ ಆಗೋಗಂಟ ಕೂಸುನ್ನ ಒಸ್ಲು ದಾಟ್ಸಬಾರದು. ಅದಕ್ಕೇ ನಾವು ಆಸ್ಪತ್ರೆಗೂ ತೋರ್ಸಕ್ಕೆ ಓಗಿಲ್ಲ.”

“ಬೀಗ್ತಿ ಬಸ್ಸಲ್ಲೇ ಹೊರಟೋದ್ಲು ಕಣಮ್ಮ ಮಂಗಳಮ್ಮ. ಈಗ ಬಂದಿರೋಳು ಸಿಸ್ಟರು. ದಾರಿ ಬಿಡು,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಸರಿದರು.

ಹಿತ್ತಲ ಬೆಳಕಿನಲ್ಲಿ ಕೂತು, ಒದ್ದೆ ಬಟ್ಟೆಯಿಂದ ಕೂಸಿನ ಕಾಲು ಒರೆಸಿದೆ. ಬಟ್ಟೆ ಹಳದಿಯಾಯಿತು. ಇನ್ನೊಂದು ತುಂಡು ತಗೊಂಡು ಒರೆಸಿದೆ, ಅದೂ ಹಳದಿ. ಮೂರನೆಯದು ಸ್ವಲ್ಪ. ನಾಲ್ಕನೇ ಬಟ್ಟೆ ಬೆಳ್ಳಗೇ ಉಳಿಯಿತು. ಕೂಸಿನ ಅಂಗಾಲು ಮಾತ್ರ ಹಳದಿಯಾಗಿಯೇ ಇತ್ತು. ಬೆರಳಿಂದ ಒತ್ತಿ ಬಿಟ್ಟೆ, ಒತ್ತಿದ ಜಾಗವೂ ಹಳದಿ. ರೆಪ್ಪೆ ಬಿಡಿಸಿದರೆ ಕಣ್ಣಿನ ಬಿಳಿಯೂ ಹಳದಿ. ಅಂಗಾಲಿಗೆ ಬೆರಳಲ್ಲಿ ಹೊಡೆದೆ. ಕಣ್ಣು ತೆರೆಯಲಿಲ್ಲ, ಅಳಲಿಲ್ಲ. ಹಿಂದೆ ನಿಂತಿದ್ದ ಸೊಸೆ, “ಅತ್ತೆ, ನಂಗೆ ಬೆಳಿಗ್ಗೆಯಿಂದ ಏನೋ ಆಗ್ತಿತ್ತು. ಹೇಳಕ್ಕೆ ಧೈರ್ಯ ಬರ್ಲಿಲ್ಲ,” ಎಂದು ಅಳತೊಡಗಿದಳು. ಅವಳ ತಲೆ ನನ್ನ ಹೊಟ್ಟೆಗೆ ಒತ್ತಿಕೊಂಡೆ. ತಾಯಿ ಕಾರ್ಡಿನಲ್ಲಿ ಅವಳ ರಕ್ತ ಓ ಗುಂಪು ಎಂದಿತ್ತು, ನನ್ನ ಮಗನದು ಬಿ. ಇಂಥ ಜೋಡಿಯ ಮಕ್ಕಳಿಗೆ ಕಾಮಾಲೆ ಜೋರಾಗುವುದುಂಟು ಎಂದು ನಾನು ಊರೆಲ್ಲ ಎಚ್ಚರಿಸುತ್ತೇನೆ. ಅದರ ಕೆಳಗೇ ಆಸ್ಪತ್ರೆಯವರು ‘ಮೂರನೇ ದಿನ ತಪ್ಪದೆ ತೋರಿಸಿ’ ಎಂದು ಗೀಟು ಎಳೆದು ಬರೆದಿದ್ದರು.

“ಬಿಸ್ಲಿಗೆ ಹಿಡುದ್ರೆ ಓಗಲ್ವಾ ಅಕ್ಕ?” ಎಂದರು ಮಂಗಳಮ್ಮ. ಇಷ್ಟು ಏರಿದ್ದು ಬಿಸಿಲಿಗೆ ಇಳಿಯುವುದಿಲ್ಲ ಎಂದೆ. ಆಂಬುಲೆನ್ಸಿಗೂ ಮಹೇಶನಿಗೂ ಫೋನ್ ಮಾಡಿದೆ, ಆಂಬುಲೆನ್ಸು ಬಂತು. ಚಾಮರಾಜನಗರದ ಆಸ್ಪತ್ರೆಯ ಬಾಗಿಲಲ್ಲಿ ಮಹೇಶ ಕಾರ್ಖಾನೆಯ ಬಟ್ಟೆಯಲ್ಲೇ ನಿಂತಿದ್ದ.

ರಕ್ತದ ರಿಪೋರ್ಟು ನೋಡಿದ ಡಾಕ್ಟರು, ಎಳೆ ವಯಸ್ಸಿನ ಹೆಣ್ಣುಮಗಳು, ಅದನ್ನು ಇನ್ನೊಂದು ಸಲ ಓದಿ ನನ್ನ ಕಡೆ ತಿರುಗಿದರು. “ಈಗಲೇ ಲೈಟ್ ಕೆಳಗೆ ಹಾಕ್ತೀವಿ. ಇಳಿಯದಿದ್ರೆ ರಕ್ತ ಬದಲಾಯಿಸ್ಬೇಕಾಗುತ್ತೆ. ಕಿವಿ, ಮಿದುಳು... ನಿಮಗೆ ಗೊತ್ತಲ್ಲ ಸಿಸ್ಟರ್,” ಎಂದರು. ಗೊತ್ತಿತ್ತು. ಗೊತ್ತಿಲ್ಲದವರಿಗೆ ಆಸ್ಪತ್ರೆಯಲ್ಲಿ ಎಷ್ಟು ಸುಖ ಎಂದು ಅವತ್ತು ಅರ್ಥವಾಯಿತು.

ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಬರೀ ಮೈಯಲ್ಲಿ ನನ್ನ ಮೊಮ್ಮಗಳು ಮಲಗಿದ್ದಳು. ಎರಡೆರಡು ತಾಸಿಗೆ ರೂಪಾ ಹಾಲು ಹಿಂಡಿ ಕೊಡುತ್ತಿದ್ದಳು, ನರ್ಸು ಕುಡಿಸುತ್ತಿದ್ದಳು. ಹೊರಗಿನ ಬೆಂಚಿನಲ್ಲಿ ನಾನು, ಮಂಗಳಮ್ಮ. ಅವರು ಒಂದು ಹನಿ ನೀರು ಕುಡಿದಿರಲಿಲ್ಲ.

“ನನ್ ಕೈಯಾರೆ ಅರ್ಸಿನ ಬಳುದು ಮುಚ್ಬುಟ್ಟೆ ಕಣಕ್ಕ,” ಎಂದರು.

“ನೀನು ಅರಿಸಿನ ಬಳಿದೆ, ನಾನು ಬಾಯಿ ಮುಚ್ಕೊಂಡಿದ್ದೆ. ನಿಂಗಿಂತ ನಂದೇ ದೊಡ್ಡ ತಪ್ಪು. ಏಳು, ಕಾಫಿ ಕುಡಿ,” ಎಂದೆ. ಒಂದೇ ಲೋಟದಲ್ಲಿ ಇಬ್ಬರೂ ಕುಡಿದೆವು. ಅವತ್ತಿನಿಂದ ನಾವು ಬೀಗತಿಯರಲ್ಲ, ಅಕ್ಕತಂಗಿಯರು.

ಮರುದಿನ ಸಂಜೆಗೆ ಹಳದಿ ಇಳಿಯತೊಡಗಿತು. ರಕ್ತ ಬದಲಾಯಿಸುವ ಪ್ರಮೇಯ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ತಿಂಡಿ ತಂದು ಬಾಗಿಲ ಹತ್ತಿರ ಬರುತ್ತಿದ್ದೆ, ಒಳಗಿಂದ ಕೂಸಿನ ಅಳು ಕೇಳಿಸಿತು. ಎರಡು ಸಣ್ಣ ಕೂಗು. ಉಸಿರು ಕಟ್ಟಿದ ಮೌನ. ಆಮೇಲೆ ಉದ್ದನೆಯದು, ಕೊನೆಯಲ್ಲಿ ನಡುಕ. ತಿಂಡಿ ಡಬ್ಬಿ ಹಿಡಿದೇ ಒಳಗೆ ಓಡಿದೆ. ಒಳಗೆ ರೂಪಾ ಅಳುತ್ತಾ ನಗುತ್ತಿದ್ದಳು, “ಅತ್ತೆ, ನೋಡಿ, ಬಾಯಿ ಬಿಟ್ಟು ಅಳ್ತಾವಳೆ!” ಇಡೀ ವಾರ್ಡಿಗೆ ಕೇಳುವ ಹಾಗೆ ನಾನೂ ಅತ್ತುಬಿಟ್ಟೆ.

ಡಾಕ್ಟರಿಗೆ ಬಸ್ಸಿನ ವಿಷಯ ಹೇಳಿದೆ. ಅವರು ನಗಲಿಲ್ಲ. “ನಿಮ್ಮ ಕಣ್ಣು ಅರಿಸಿನ ನೋಡಿತು, ಆದರೆ ಮನಸ್ಸಿಗೆ ಕೂಸು ಸರಿಯಿಲ್ಲ ಅಂತ ಗೊತ್ತಾಗಿತ್ತು. ಅದೇ ಅಳುವಾಗಿ ಕೇಳಿಸಿದೆ. ಹುಟ್ಟಿದ ದಿನ ಮಗ ವಿಡಿಯೋ ಕಳಿಸಿರ್ತಾರಲ್ಲ, ಅದರಲ್ಲಿ ಈ ಅಳು ಕೇಳಿರ್ತೀರ,” ಎಂದರು. ಒಪ್ಪುವಂಥ ಮಾತು. ಮಹೇಶ ಕಳಿಸಿದ್ದ ವಿಡಿಯೋ ಮತ್ತೆ ಹಾಕಿ ನೋಡಿದೆ. ಅದರಲ್ಲಿ ಕೂಸು ಮಲಗಿದೆ, ಫ್ಯಾನಿನ ಸದ್ದಿದೆ, ಅಷ್ಟೇ. ಇರಲಿ, ಒಂದು ಕೂಸಿನ ಅಳು ಇನ್ನೊಂದರ ಹಾಗೆಯೇ ಕೇಳಿಸಿರಬಹುದು ಎಂದುಕೊಂಡೆ. ಪಕ್ಕದ ಹೆಂಗಸಿನ ಮಾತು? ಬಸ್ಸಿನ ಸದ್ದಿನಲ್ಲಿ ಏನನ್ನೋ ಕೇಳಿ ಏನೋ ಅಂದಿರಬಹುದು. ಹೀಗೆ ಒಂದೊಂದನ್ನೂ ಮಡಚಿ ಮೂಲೆಗಿಟ್ಟೆ. ಮೂರು ತಿಂಗಳಿಗೆ ಕಿವಿಯ ಪರೀಕ್ಷೆ ಮಾಡಿಸಿದೆವು. ಎರಡು ಕಿವಿಯೂ ಚೆನ್ನಾಗಿವೆ. ಈಗ ಅವಳಿಗೆ ಎರಡು ವರ್ಷ. ಅಡುಗೆ ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಮುಟ್ಟಿದರೆ ಬೀದಿಯಿಂದ ಓಡಿ ಬರುತ್ತಾಳೆ.

ಮಡಚಿಟ್ಟದ್ದು ಹಾಗೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊಮ್ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯಾರೋ ಭುಜ ಮುಟ್ಟಿದರು. ಅದೇ ಹೆಂಗಸು, ಅದೇ ಬ್ಲೌಸುಗಳ ಚೀಲ.

“ಗುರುತು ಸಿಕ್ತಾ ಅಕ್ಕಾ? ತೆರಕಣಾಂಬಿ ದಾಟಿ ಹೊಲದ ಹತ್ರ ಇಳಿದ್ರಿ ನೀವು. ನಾನು ಎಷ್ಟು ದಿನ ನೆನೆಸ್ಕೊಂಡೆ. ಆ ಬಿಸಿಲಲ್ಲಿ, ಅಷ್ಟು ಎಳೇ ಪಾಪೂನ ಎದೆಗೆ ಒತ್ಕೊಂಡು ಇಳಿದ್ರಲ್ಲ! ಹೇಗಿದೆ ಈಗ ಪಾಪು?”

ನನ್ನ ಕೈಯಲ್ಲಿ ಪರ್ಸು ಮಾತ್ರ ಇತ್ತು ಎಂದು ಹೇಳಲು ಬಾಯಿ ತೆರೆದೆ. ಆಕೆಯ ಮುಖದಲ್ಲಿ ಅಷ್ಟು ಅಕ್ಕರೆ ಇತ್ತು, ಹೇಳಲಾಗಲಿಲ್ಲ.

“ಚೆನ್ನಾಗವಳೆ ಕಣಮ್ಮ. ಮೊನ್ನೆಯಿಂದ ನಡೀತಾವಳೆ,” ಎಂದೆ.

ಆಕೆ ಖುಷಿಯಿಂದ ಕೈ ಹಿಡಿದು ಅದುಮಿದಳು. ಪಕ್ಕದ ಅಂಗಡಿಯಿಂದ ಎರಡು ಬನ್ನು ತಂದು, ಪಾಪುಗೆ ಕೊಡಿ ಎಂದು ನನ್ನ ಕೈಗಿಟ್ಟು ತನ್ನ ಬಸ್ಸು ಹತ್ತಿದಳು. ಹೆಸರು ಕೇಳಲೂ ತೋಚಲಿಲ್ಲ. ಮನೆಗೆ ಬಂದು ಒಂದು ಬನ್ನನ್ನು ಹಾಲಿನಲ್ಲಿ ನೆನೆಸಿ ಮೊಮ್ಮಗಳಿಗೆ ತಿನ್ನಿಸಿದೆ. ತಿನ್ನುವಷ್ಟು ಹೊತ್ತೂ ಅವಳು ನನ್ನ ಎದೆಗೆ ಆತುಕೊಂಡೇ ಕೂತಿದ್ದಳು.